ಯಂತ್ರ ಅಳಿದರೂ ಕಡತ ಉಳಿಯಬೇಕು

(ಭಾಷಣದ ಪಠ್ಯ)

ಕನ್ನಡದಲ್ಲಿ ‘ಕಡತ’ ಎಂಬ ಮಾತು ಬಹಳ ಹಳೆಯದು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ ಮಾಡುತ್ತಿದ್ದ ಕಪ್ಪು ಪುಸ್ತಕವೇ ಕಡತ. ಅದರ ಮೇಲೆ ಬಳಪದಿಂದ ಲೆಕ್ಕಪತ್ರ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ಸಂಗ್ರಹವೇ ಇದ್ದು, ಇತಿಹಾಸಕಾರರಿಗೆ ಅದು ಬಹುಮುಖ್ಯ ಆಕರವಾಗಿದೆ. ತಾಮ್ರಪಟದಲ್ಲಿ ಕೊರೆದದ್ದನ್ನು ಅಳಿಸಲಾಗದು. ಕಡತದಲ್ಲಿ ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದು. ಅನುಕೂಲವೂ ಅದೇ, ಅಪಾಯವೂ ಅದೇ.

ಮುಂದೆ ಕಚೇರಿಯ ಕಾಗದದ ಕಟ್ಟಿಗೆ ಕಡತವೆಂಬ ಹೆಸರು ಬಂತು. ಕಂಪ್ಯೂಟರ್ ಬಂದ ಮೇಲೆ ಅದರ ಫೈಲಿಗೂ ಕನ್ನಡಿಗರು ಅದೇ ಹೆಸರನ್ನು ಕೊಟ್ಟರು. ಈಗ ಈ ಮಾತು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಇಂದು ಒಂದು ಇಡೀ ಕಂಪ್ಯೂಟರಿನ ಡಿಸ್ಕು, ಅಂದರೆ ಅದರ ಸಮಸ್ತ ನೆನಪು, ಮತ್ತೊಂದು ಕಂಪ್ಯೂಟರಿನೊಳಗೆ ಒಂದೇ ಒಂದು ಕಡತವಾಗಿ ಕುಳಿತಿರುತ್ತದೆ. ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ರೋಗಿಯ ವಿವರ, ವಿದ್ಯಾರ್ಥಿಯ ಅಂಕಪಟ್ಟಿ ಇವೆಲ್ಲ ಬಹುಮಟ್ಟಿಗೆ ಇಂಥ ಡಿಸ್ಕುಗಳಲ್ಲಿಯೇ ಇವೆ. ಆದುದರಿಂದ ಈ ಡಿಸ್ಕುಗಳನ್ನು ಹೇಗೆ ಕಾಪಾಡುತ್ತಾರೆ ಎಂಬುದು ತಂತ್ರಜ್ಞರಿಗಷ್ಟೇ ಸಂಬಂಧಿಸಿದ ಪ್ರಶ್ನೆಯಲ್ಲ.

ತೋರಿಕೆಯ ಯಂತ್ರ

ಮೊದಲಿಗೆ ಈ ವಿಚಿತ್ರ ವ್ಯವಸ್ಥೆ ಹುಟ್ಟಿದ್ದು ಹೇಗೆಂಬುದನ್ನು ನೋಡಬೇಕು. 1956ರಲ್ಲಿ ಐಬಿಎಂ ಕಂಪೆನಿ ಲೋಕಕ್ಕೆ ತೋರಿಸಿದ ಮೊದಲ ಡಿಸ್ಕ್ ಸಾಧನದಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ಸುಮಾರು ಒಂದು ಟನ್ ಭಾರದ ಆ ಸಾಧನದಲ್ಲಿ ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರಗಳು ಮಾತ್ರ. ಯಂತ್ರ ಅಷ್ಟು ದುಬಾರಿಯಾಗಿದ್ದಾಗ ಒಬ್ಬರಿಗೆ ಒಂದು ಯಂತ್ರ ಎಂಬುದು ಕನಸಿನ ಮಾತು.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಜ್‌ನಲ್ಲಿದ್ದ ಐಬಿಎಂ ಕೇಂದ್ರದ ವಿಜ್ಞಾನಿಗಳು ಇದಕ್ಕೊಂದು ಉಪಾಯ ಕಂಡರು. ರಾಬರ್ಟ್ ಕ್ರೀಸಿ ಅವರ ನೇತೃತ್ವದಲ್ಲಿ ರೂಪುಗೊಂಡು 1967ರಲ್ಲಿ ಬಳಕೆಗೆ ಬಂದ ಸಿಪಿ-40 ಎಂಬ ತಂತ್ರಾಂಶವು ಒಂದೇ ಯಂತ್ರವನ್ನು ಹಲವು ಯಂತ್ರಗಳಂತೆ ತೋರಿಸುತ್ತಿತ್ತು. ಪ್ರತಿಯೊಬ್ಬ ಬಳಕೆದಾರನಿಗೂ ಇಡೀ ಕಂಪ್ಯೂಟರ್ ತನ್ನದೇ ಎಂಬ ಭಾವನೆ ಬರುತ್ತಿತ್ತು. ಇದೇ ವರ್ಚುಯಲ್ ಮಷೀನ್, ಅಂದರೆ ತೋರಿಕೆಯ ಯಂತ್ರ. 1972ರಲ್ಲಿ ಬಂದ ವಿಎಂ/370 ಎಂಬ ವ್ಯವಸ್ಥೆಯಲ್ಲಿ ದೊಡ್ಡ ಡಿಸ್ಕಿನ ಒಂದೊಂದು ಪಾಲನ್ನು ಒಬ್ಬೊಬ್ಬರಿಗೆ ಕೊಡುತ್ತಿದ್ದರು. ಅದಕ್ಕೆ ಮಿನಿಡಿಸ್ಕ್ ಎಂದು ಹೆಸರು. ಇಂದಿನ ತೋರಿಕೆಯ ಡಿಸ್ಕಿನ ಪೂರ್ವಜ ಇದೇ.

ಅಗ್ಗದ ಕಂಪ್ಯೂಟರುಗಳು ಬಂದ ಮೇಲೆ ಈ ಉಪಾಯ ಕೆಲವು ಕಾಲ ಹಿಂದೆ ಸರಿಯಿತು. 1999ರಲ್ಲಿ ವಿಎಂವೇರ್ ಕಂಪೆನಿ ಸಾಮಾನ್ಯ ಕಂಪ್ಯೂಟರಿನಲ್ಲೂ ಅದನ್ನು ಸಾಧ್ಯವಾಗಿಸಿತು. 2003ರಲ್ಲಿ ಫ್ರಾನ್ಸಿನ ಫ್ಯಾಬ್ರೀಸ್ ಬೆಲ್ಲಾರ್ ಎಂಬ ಪ್ರತಿಭಾವಂತ ‘ಕ್ಯೂಎಮು’ ಎಂಬ ತಂತ್ರಾಂಶವನ್ನು ಬರೆದು, ಮೂಲಸಂಕೇತಗಳ ಸಮೇತ ಎಲ್ಲರಿಗೂ ಬಿಟ್ಟುಕೊಟ್ಟರು. 2007ರಲ್ಲಿ ‘ಕೆವಿಎಂ’ ಎಂಬ ಇನ್ನೊಂದು ತಂತ್ರಾಂಶ ಲಿನಕ್ಸಿನ ಒಳಗೇ ಸೇರಿತು. ಇವೆರಡರ ಜೋಡಿಯಿಂದ ತೋರಿಕೆಯ ಯಂತ್ರ ಯಾರ ಸ್ವತ್ತೂ ಅಲ್ಲದ, ಎಲ್ಲರೂ ಓದಿ ತಿದ್ದಬಹುದಾದ ವಿದ್ಯೆಯಾಯಿತು.

ಆದರೆ ಒಂದೆರಡು ಯಂತ್ರಗಳನ್ನು ನಡೆಸುವುದು ಬೇರೆ, ಸಾವಿರಾರು ಯಂತ್ರಗಳನ್ನು ಕೇಳಿದವರಿಗೆ ಕೇಳಿದ ಕ್ಷಣದಲ್ಲಿ ಕೊಡುವುದು ಬೇರೆ. ಈ ಎರಡನೆಯದಕ್ಕೆ ಕ್ಲೌಡ್ ಎಂದು ಹೆಸರು. 2010ರ ಜುಲೈನಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆಯಾದ ನಾಸಾ ಮತ್ತು ರ‍್ಯಾಕ್‌ಸ್ಪೇಸ್ ಎಂಬ ಕಂಪೆನಿ ಸೇರಿ ಆರಂಭಿಸಿದ ‘ಓಪನ್‌ಸ್ಟ್ಯಾಕ್’ ಇಂಥ ಮುಕ್ತ ತಂತ್ರಾಂಶಗಳಲ್ಲಿ ಪ್ರಮುಖವಾದುದು. ಪರಮಾಣು ಕಣಗಳನ್ನು ಶೋಧಿಸುವ ಯೂರೋಪಿನ ಸರ್ನ್ ಸಂಸ್ಥೆ 2013ರಲ್ಲಿ ಇದನ್ನು ತನ್ನ ನಿತ್ಯದ ಕೆಲಸಕ್ಕೆ ಅಳವಡಿಸಿಕೊಂಡಿತು.

ಡಿಸ್ಕಿಗೆ ಬೇರೆ ಬಾಳು

ಕ್ಲೌಡಿನ ಚರಿತ್ರೆಯಲ್ಲಿ ಬಹುಮುಖ್ಯವಾದ ತಿರುವು ಯಾವುದು? ಯಂತ್ರದ ಆಯುಷ್ಯವನ್ನು ಡಿಸ್ಕಿನ ಆಯುಷ್ಯದಿಂದ ಬೇರ್ಪಡಿಸಿದ್ದೇ ಆ ತಿರುವು ಎನ್ನಬಹುದು. 2006ರಲ್ಲಿ ಅಮೆಜಾನ್ ಕಂಪೆನಿ ತೋರಿಕೆಯ ಯಂತ್ರಗಳನ್ನು ಬಾಡಿಗೆಗೆ ಕೊಡಲು ಆರಂಭಿಸಿದಾಗ, ಯಂತ್ರವನ್ನು ರದ್ದು ಮಾಡಿದರೆ ಅದರ ಡಿಸ್ಕಿನಲ್ಲಿದ್ದುದೂ ಹೋಗುತ್ತಿತ್ತು. ಬಾಡಿಗೆ ಮನೆ ಬಿಟ್ಟೊಡನೆ ಪಾತ್ರೆ ಪಗಡೆಗಳೂ ಮಾಯವಾದಂತೆ. 2008ರಲ್ಲಿ ಆ ಕಂಪೆನಿಯೇ ಯಂತ್ರದಿಂದ ಪ್ರತ್ಯೇಕವಾಗಿ ಉಳಿಯುವ ಡಿಸ್ಕುಗಳನ್ನು ಒದಗಿಸಿತು. ಓಪನ್‌ಸ್ಟ್ಯಾಕಿನಲ್ಲಿಯೂ ಮೊದಲು ಯಂತ್ರ ನಡೆಸುವ ಭಾಗದೊಳಗೇ ಇದ್ದ ಡಿಸ್ಕಿನ ವ್ಯವಹಾರವನ್ನು 2012ರಲ್ಲಿ ಬೇರ್ಪಡಿಸಿ, ‘ಸಿಂಡರ್’ ಎಂಬ ಸ್ವತಂತ್ರ ವಿಭಾಗಕ್ಕೆ ವಹಿಸಲಾಯಿತು.

ಸಿಂಡರಿನ ಕೆಲಸ ಒಳ್ಳೆಯ ಉಗ್ರಾಣಿಯ ಕೆಲಸದಂತೆ. ಕೇಳಿದಷ್ಟು ಗಾತ್ರದ ಡಿಸ್ಕನ್ನು ಸೃಷ್ಟಿಸುವುದು, ಬೇಕಾದ ಯಂತ್ರಕ್ಕೆ ಜೋಡಿಸುವುದು, ಬೇಡವಾದಾಗ ಬಿಡಿಸುವುದು, ಇನ್ನೊಂದು ಯಂತ್ರಕ್ಕೆ ಜೋಡಿಸುವುದು. ಯಂತ್ರ ಕೆಟ್ಟು ನಿಂತರೆ ಡಿಸ್ಕನ್ನು ಬಿಡಿಸಿ ಹೊಸ ಯಂತ್ರಕ್ಕೆ ಹಚ್ಚಿದರೆ ಕೆಲಸ ಮುಂದುವರಿಯುತ್ತದೆ. ಸಾಮಾನ್ಯವಾಗಿ ಒಂದು ಡಿಸ್ಕನ್ನು ಒಮ್ಮೆಗೆ ಒಂದೇ ಯಂತ್ರಕ್ಕೆ ಕೊಡುತ್ತಾರೆ. ಒಂದೇ ಖಾತೆಪುಸ್ತಕದಲ್ಲಿ ಇಬ್ಬರು ಗುಮಾಸ್ತರು ಒಬ್ಬರಿಗೊಬ್ಬರು ತಿಳಿಸದೆ ಬರೆದರೆ ಲೆಕ್ಕ ಏನಾಗುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಡಿಸ್ಕನ್ನು ದೊಡ್ಡದು ಮಾಡಬಹುದು, ಆದರೆ ಚಿಕ್ಕದು ಮಾಡಲು ಸಿಂಡರ್ ಒಪ್ಪುವುದಿಲ್ಲ. ಕತ್ತರಿಸುವ ಅಂಚಿನಲ್ಲಿ ಯಾರ ಬರಹವಿದೆಯೋ ಅದಕ್ಕೆ ತಿಳಿಯದು. ದೊಡ್ಡದು ಮಾಡಿದ ಮೇಲೂ ಯಂತ್ರದ ಒಳಗಿನ ಕಡತವ್ಯವಸ್ಥೆಯನ್ನು ವಿಸ್ತರಿಸಬೇಕು. ಜಮೀನು ಕೊಂಡರೆ ಸಾಲದು, ಬೇಲಿಯನ್ನೂ ಸರಿಸಬೇಕಲ್ಲವೆ?

ಯಂತ್ರವನ್ನು ಸೃಷ್ಟಿಸುವಾಗ ಓಪನ್‌ಸ್ಟ್ಯಾಕಿನ ಪರದೆಯ ಮೇಲೆ ಒಂದು ಚಿಕ್ಕ ಪ್ರಶ್ನೆ ಕಾಣಿಸಿಕೊಳ್ಳುತ್ತದೆ: ‘ಯಂತ್ರವನ್ನು ಅಳಿಸಿದಾಗ ಡಿಸ್ಕನ್ನೂ ಅಳಿಸಬೇಕೆ?’ ಹೌದು ಅಥವಾ ಇಲ್ಲ ಎಂಬಷ್ಟೇ ಉತ್ತರ. ಅವಸರದಲ್ಲಿ ಒತ್ತಿದ ಆ ‘ಹೌದು’ ಎಂಬುದರ ಪರಿಣಾಮ ಒಂದು ವರ್ಷದ ಅನಂತರ, ಬೇರೆ ಯಾರೋ ಸಿಬ್ಬಂದಿ ಯಂತ್ರವನ್ನು ಅಳಿಸಿದ ದಿನ ತಿಳಿದುಬರಬಹುದು.

ಹಾಸಿಗೆಗಿಂತ ಉದ್ದದ ಕಾಲು

ತೋರಿಕೆಯ ಡಿಸ್ಕಿನ ಗುಟ್ಟು ಇರುವುದು ಅದರ ನಕ್ಷೆಯಲ್ಲಿ. ಕ್ಯೂಎಮು ಬಳಸುವ ‘ಕ್ಯೂಕೌ-2’ ಎಂಬ ಕಡತದ ಮಾದರಿಯನ್ನೇ ನೋಡಬಹುದು. ಅದು ಡಿಸ್ಕನ್ನು ಸಾಮಾನ್ಯವಾಗಿ 64 ಕಿಲೋಬೈಟಿನ ತುಂಡುಗಳಾಗಿ ಎಣಿಸುತ್ತದೆ. ಯಾವ ತುಂಡು ಕಡತದ ಯಾವ ಜಾಗದಲ್ಲಿದೆ ಎಂಬುದಕ್ಕೆ ಎರಡು ಹಂತದ ಸೂಚಿಯಿರುತ್ತದೆ. ಇನ್ನೂ ಏನನ್ನೂ ಬರೆಯದ ತುಂಡಿಗೆ ಜಾಗವನ್ನೇ ಕೊಟ್ಟಿರುವುದಿಲ್ಲ. ಹೀಗಾಗಿ 1 ಟೆರಾಬೈಟಿನ ಡಿಸ್ಕು ಹುಟ್ಟಿದ ದಿನ ಅತಿ ಚಿಕ್ಕ ಕಡತವಾಗಿರುತ್ತದೆ, ಬರೆದಂತೆಲ್ಲ ಬೆಳೆಯುತ್ತದೆ.

ಇದರಿಂದ ಉಳಿತಾಯವೇನೋ ಅಪಾರ. 100 ಟೆರಾಬೈಟಿನ ಉಗ್ರಾಣವಿದೆ ಎಂದುಕೊಳ್ಳೋಣ. ತಲಾ 1 ಟೆರಾಬೈಟಿನಂತೆ 200 ಡಿಸ್ಕುಗಳನ್ನು ಹಂಚಬಹುದು. ಪ್ರತಿಯೊಂದೂ 300 ಗಿಗಾಬೈಟಿನಷ್ಟು ತುಂಬಿದ್ದರೆ ನಿಜವಾಗಿ ಖರ್ಚಾದದ್ದು 60 ಟೆರಾಬೈಟ್. ಎಲ್ಲವೂ 500 ಗಿಗಾಬೈಟಿಗೆ ಬಂದರೆ ಉಗ್ರಾಣ ಭರ್ತಿ. ಆಗ 200 ಬಳಕೆದಾರರಿಗೂ ತಮ್ಮ ಡಿಸ್ಕಿನಲ್ಲಿ ಇನ್ನೂ ಅರ್ಧ ಜಾಗ ಖಾಲಿ ಇದೆಯೆಂದೇ ಕಾಣುತ್ತದೆ, ಆದರೆ ಒಂದಕ್ಷರವನ್ನೂ ಬರೆಯಲಾಗುವುದಿಲ್ಲ! ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಕ್ಲೌಡ್ ಬೇಕೆಂದೇ ಮೀರುತ್ತದೆ. ಇರುವುದಕ್ಕಿಂತ ಎಷ್ಟು ಪಟ್ಟು ಹಂಚಬಹುದೆಂಬ ಮಿತಿ ಸಿಂಡರಿನಲ್ಲಿದೆ. ಬೇರೆ ಸೂಚನೆ ಕೊಡದಿದ್ದರೆ ಆ ಮಿತಿ 20 ಪಟ್ಟು. ಇದು ತಂತ್ರಾಂಶ ಕೊಡುವ ಅನುಮತಿಯೇ ಹೊರತು ಸಲಹೆಯಲ್ಲ. ಉಗ್ರಾಣ ಎಷ್ಟು ತುಂಬಿದೆಯೆಂದು ದಿನವೂ ನೋಡುವ ಒಬ್ಬ ಮನುಷ್ಯ ಬೇಕೇ ಬೇಕು.

ಇನ್ನೊಂದು ಉಳಿತಾಯ ನಕಲಿನಲ್ಲಿದೆ. 10 ಗಿಗಾಬೈಟಿನ ಒಂದು ಮೂಲ ಡಿಸ್ಕಿನಿಂದ 50 ಯಂತ್ರಗಳನ್ನು ಮಾಡಬೇಕಾದರೆ 500 ಗಿಗಾಬೈಟ್ ಬೇಕಾಗಿಲ್ಲ. ಮೂಲವನ್ನು ಹಾಗೆಯೇ ಇಟ್ಟು, ಪ್ರತಿ ಯಂತ್ರಕ್ಕೂ ಅದರ ಮೇಲೆ ಒಂದು ಪಾರದರ್ಶಕ ಹಾಳೆಯನ್ನು ಹೊದಿಸಿದಂತೆ ಮಾಡುತ್ತಾರೆ. ಯಂತ್ರ ಬದಲಾಯಿಸಿದ ತುಂಡುಗಳು ಮಾತ್ರ ಹಾಳೆಯ ಮೇಲೆ ಬರುತ್ತವೆ. ಉಳಿದದ್ದನ್ನು ಕೆಳಗಿನ ಮೂಲದಿಂದಲೇ ಓದುತ್ತದೆ. ಒಂದೊಂದು ಯಂತ್ರವೂ 1 ಗಿಗಾಬೈಟ್ ಬದಲಾಯಿಸಿದರೆ ಒಟ್ಟು 60 ಗಿಗಾಬೈಟಿನಲ್ಲಿ ಕೆಲಸ ಮುಗಿಯಿತು. ಆದರೆ ಮೂಲ ಕೆಟ್ಟರೆ? 50 ಹಾಳೆಗಳೂ ಅರ್ಥವಿಲ್ಲದ ಚುಕ್ಕೆಗಳಾಗಿ ಉಳಿಯುತ್ತವೆ. ಯಾವ ಡಿಸ್ಕು ಯಾವುದರ ಮೇಲೆ ನಿಂತಿದೆ ಎಂಬ ವಂಶವೃಕ್ಷವನ್ನು ಬಲ್ಲವರು ಮಾತ್ರ ಹಳೆಯದನ್ನು ಅಳಿಸುವ ಧೈರ್ಯ ಮಾಡಬೇಕು.

ಚಿತ್ರ ಬೇರೆ, ಪ್ರತಿ ಬೇರೆ

ಇಲ್ಲಿಯೇ ಒಂದು ದೊಡ್ಡ ತಪ್ಪು ತಿಳಿವಳಿಕೆ ಬೇರುಬಿಟ್ಟಿದೆ. ಸ್ನ್ಯಾಪ್‌ಶಾಟ್ ಎಂಬ ಸೌಲಭ್ಯದಿಂದ ಡಿಸ್ಕು ಈ ಕ್ಷಣದಲ್ಲಿ ಹೇಗಿದೆಯೋ ಹಾಗೆ ಅದನ್ನು ಹಿಡಿದಿಡಬಹುದು. ಹೊಸ ತಂತ್ರಾಂಶ ಹಾಕುವ ಮುನ್ನ ಸ್ನ್ಯಾಪ್‌ಶಾಟ್ ತೆಗೆದು, ಎಡವಟ್ಟಾದರೆ ಹಿಂದಿನ ಸ್ಥಿತಿಗೆ ಮರಳಬಹುದು. ಒಂದೆರಡು ಕ್ಷಣಗಳಲ್ಲಿ ಮುಗಿಯುವ ಈ ಕೆಲಸವನ್ನು ನೋಡಿ, ಪ್ರತಿ ತೆಗೆದಿಟ್ಟಾಯಿತು ಎಂದು ನಿಶ್ಚಿಂತರಾಗುವವರು ಬಹಳ. ಆದರೆ ಅಷ್ಟು ಬೇಗ ಮುಗಿಯುವುದಕ್ಕೆ ಕಾರಣವೇ ಅದು ಏನನ್ನೂ ನಕಲು ಮಾಡದಿರುವುದು! ‘ಇಲ್ಲಿಂದ ಮುಂದಿನ ಬದಲಾವಣೆ ಬೇರೆ ಕಡೆ ಬರೆ’ ಎಂದು ನಕ್ಷೆಯಲ್ಲಿ ಒಂದು ಗೆರೆ ಎಳೆದಿರುತ್ತದೆ, ಅಷ್ಟೆ. ಸಾಮಾನ್ಯವಾಗಿ ಸ್ನ್ಯಾಪ್‌ಶಾಟ್ ಮೂಲ ಡಿಸ್ಕಿನ ಪಕ್ಕದಲ್ಲೇ, ಅದೇ ಉಗ್ರಾಣದಲ್ಲೇ ಇರುತ್ತದೆ. ಉಗ್ರಾಣವೇ ಹೋದರೆ ಎರಡೂ ಹೋಗುತ್ತವೆ.

ಮತ್ತೊಂದು ಸೂಕ್ಷ್ಮವಿದೆ. ಕೆಲಸ ಮಾಡುತ್ತಿರುವ ಯಂತ್ರದ ಸ್ನ್ಯಾಪ್‌ಶಾಟ್ ತೆಗೆದರೆ, ಗುಮಾಸ್ತ ಒಂದು ಖಾತೆಯಿಂದ ಹಣ ಕಳೆದು ಇನ್ನೊಂದಕ್ಕೆ ಕೂಡಿಸುವ ಮೊದಲೇ ಪುಸ್ತಕವನ್ನು ಕಿತ್ತುಕೊಂಡಂತೆ ಆಗಬಹುದು. ಅದಕ್ಕಾಗಿ ಯಂತ್ರದೊಳಗೆ ಒಬ್ಬ ಸಹಾಯಕ ತಂತ್ರಾಂಶವನ್ನಿಟ್ಟು, ಕೈಯಲ್ಲಿರುವ ಬರಹವನ್ನೆಲ್ಲ ಡಿಸ್ಕಿಗೆ ಇಳಿಸಿ ಒಂದು ಕ್ಷಣ ತಡೆಯುವಂತೆ ಹೇಳಿ, ಆಮೇಲೆ ಚಿತ್ರ ತೆಗೆಯುವ ಕ್ರಮವಿದೆ.

ಹಾಗಾದರೆ ಒಂದರ ಬದಲು ಮೂರು ಪ್ರತಿ ಇಟ್ಟರೆ ಸಾಲದೆ? ಅಂಥ ವ್ಯವಸ್ಥೆಯೂ ಉಂಟು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಸಾಂತಾಕ್ರೂಜ್ ಶಾಖೆಯಲ್ಲಿ ಸೇಜ್ ವೈಲ್ ಎಂಬ ಸಂಶೋಧಕರು ಡಾಕ್ಟರೇಟ್ ಅಧ್ಯಯನಕ್ಕಾಗಿ ರೂಪಿಸಿದ ‘ಸೆಫ್’ ಎಂಬ ಮುಕ್ತ ತಂತ್ರಾಂಶ ಇಂದು ಓಪನ್‌ಸ್ಟ್ಯಾಕಿನ ನೆಚ್ಚಿನ ಉಗ್ರಾಣ. ಅದು ತೋರಿಕೆಯ ಡಿಸ್ಕನ್ನು ಸಾಮಾನ್ಯವಾಗಿ 4 ಮೆಗಾಬೈಟಿನ ತುಂಡುಗಳಾಗಿಸಿ, ಪ್ರತಿ ತುಂಡಿನ 3 ಪ್ರತಿಗಳನ್ನು ಬೇರೆ ಬೇರೆ ಯಂತ್ರಗಳಲ್ಲಿ ಇಡುತ್ತದೆ. ಒಂದು ಯಂತ್ರ ಸುಟ್ಟುಹೋದರೂ ಬಳಕೆದಾರನಿಗೆ ತಿಳಿಯುವುದೇ ಇಲ್ಲ. ಉಳಿದ ಪ್ರತಿಗಳಿಂದ ಸೆಫ್ ತಾನಾಗಿ ಮತ್ತೊಂದನ್ನು ಮಾಡಿಕೊಳ್ಳುತ್ತದೆ. ಆದರೆ ಯಾರಾದರೂ ತಪ್ಪಿ ಒಂದು ಕಡತವನ್ನು ಅಳಿಸಿದರೆ ಈ ವಿಧೇಯ ಸೇವಕ ಮೂರು ಪ್ರತಿಗಳಿಂದಲೂ ಅದನ್ನು ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ. ಮೂರು ಪ್ರತಿ ಕಾಯುವುದು ಯಂತ್ರದ ಸಾವಿನಿಂದ, ಮನುಷ್ಯನ ಕೈತಪ್ಪಿನಿಂದಲ್ಲ. ಅದಕ್ಕೆ ಬೇಕಾದುದು ಬೇರೆ ಕಡೆ, ಬೇರೆ ವ್ಯವಸ್ಥೆಯಲ್ಲಿ, ಸಾಧ್ಯವಾದರೆ ಬೇರೆ ಊರಿನಲ್ಲಿ ಇಟ್ಟ ಬ್ಯಾಕಪ್.

ಸ್ಟ್ರಾಸ್‌ಬರ್ಗಿನ ಬೆಂಕಿ

ಇದು ಬರಿಯ ತರ್ಕವಲ್ಲ. ಫ್ರಾನ್ಸಿನ ಓವಿಎಚ್ ಕಂಪೆನಿ ಯೂರೋಪಿನ ದೊಡ್ಡ ಕ್ಲೌಡ್ ಸಂಸ್ಥೆಗಳಲ್ಲೊಂದು. ಅದರ ಸಾರ್ವಜನಿಕ ಕ್ಲೌಡ್ ನಿಂತಿರುವುದು ಓಪನ್‌ಸ್ಟ್ಯಾಕಿನ ಮೇಲೆಯೇ. 2021ರ ಮಾರ್ಚ್ 10ರಂದು ನಡುರಾತ್ರಿಯ ಬಳಿಕ, ರೈನ್ ನದಿಯ ದಡದ ಸ್ಟ್ರಾಸ್‌ಬರ್ಗ್ ನಗರದಲ್ಲಿದ್ದ ಅದರ ಐದು ಅಂತಸ್ತಿನ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿತ್ತು. ಅದೃಷ್ಟವಶಾತ್ ಯಾರಿಗೂ ಗಾಯವಾಗಲಿಲ್ಲ. ಆದರೆ ಕಟ್ಟಡ ಪೂರ್ತಿ ನಾಶವಾಯಿತು, ಪಕ್ಕದ ಕಟ್ಟಡದ ಕೆಲವು ಕೊಠಡಿಗಳೂ ಸುಟ್ಟವು. ಲಕ್ಷಾಂತರ ಜಾಲತಾಣಗಳು ಮೌನವಾದವು. ಆ ರಾತ್ರಿಯೇ ಸಂಸ್ಥಾಪಕ ಓಕ್ತಾವ್ ಕ್ಲಾಬಾ ಗ್ರಾಹಕರಿಗೆ ತಮ್ಮ ತಮ್ಮ ವಿಪತ್ತು ಯೋಜನೆಗಳನ್ನು ಜಾರಿಗೆ ತರುವಂತೆ ಸೂಚಿಸಿದರು.

ಯೋಜನೆ ಇದ್ದವರು ಕೆಲವೇ ಗಂಟೆ ಅಥವಾ ದಿನಗಳಲ್ಲಿ ಬೇರೆ ಕೇಂದ್ರದಿಂದ ಮತ್ತೆ ಎದ್ದುನಿಂತರು. ಇಲ್ಲದವರಿಗೆ ಅದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಕಥೆಯಾಯಿತು. ಹೆಚ್ಚು ದುಃಖದ ಸ್ಥಿತಿ ಮೂರನೆಯ ಗುಂಪಿನವರದು. ಅವರು ಬ್ಯಾಕಪ್ಪಿಗೆ ಹಣವನ್ನೂ ಕಟ್ಟಿದ್ದರು. ಆದರೆ ಆ ಬ್ಯಾಕಪ್ ಇದ್ದುದು ಅದೇ ಆವರಣದಲ್ಲಿ. ಮೂಲವೂ ಪ್ರತಿಯೂ ಒಟ್ಟಿಗೆ ಬೂದಿಯಾದವು. ‘ಬ್ಯಾಕಪ್’ ಎಂಬ ಮಾತಿನ ಅರ್ಥವೇನು ಎಂಬ ವಾದ ನ್ಯಾಯಾಲಯದ ಮೆಟ್ಟಿಲೇರಿತು. ತಂತ್ರಾಂಶ ಅಲ್ಲಿ ಸೋತಿರಲಿಲ್ಲ. ಬ್ಯಾಕಪ್ಪನ್ನು ಎಲ್ಲಿಗೆ ಕಳುಹಿಸಬೇಕೆಂಬ ಆಯ್ಕೆಯನ್ನು ಸಿಂಡರ್ ಮನುಷ್ಯರಿಗೇ ಬಿಡುತ್ತದೆ. ದೂರದ ಊರಿಗೂ ಕಳುಹಿಸಬಹುದು, ಪಕ್ಕದ ಕೋಣೆಗೂ ಕಳುಹಿಸಬಹುದು.

ಒರೆಸಿದರೂ ಉಳಿಯುವುದು

ಕಳೆದುಹೋಗುವುದು ಒಂದು ಭಯವಾದರೆ, ಕಳೆದುಹೋಗದೆ ಉಳಿಯುವುದು ಇನ್ನೊಂದು ಭಯ. ಬಳಪದ ಬರಹವನ್ನು ಸರಿಯಾಗಿ ಒರೆಸದಿದ್ದರೆ ಹಳೆಯ ಲೆಕ್ಕ ಹೊಸ ಲೆಕ್ಕದ ನಡುವೆ ಇಣುಕುತ್ತದೆ. ಡಿಸ್ಕಿನಲ್ಲಿಯೂ ಅಷ್ಟೆ. ‘ಅಳಿಸು’ ಎಂದಾಗ ಅನೇಕ ವೇಳೆ ನಕ್ಷೆಯಿಂದ ಹೆಸರು ಮಾತ್ರ ಹೋಗಿರುತ್ತದೆ, ಬರಹ ಹಾಗೆಯೇ ಇರುತ್ತದೆ. 2012ರ ಡಿಸೆಂಬರಿನಲ್ಲಿ ಓಪನ್‌ಸ್ಟ್ಯಾಕಿನಲ್ಲೇ ಇಂಥದೊಂದು ದೋಷ ಬೆಳಕಿಗೆ ಬಂತು. ಒಂದು ಬಗೆಯ ಜೋಡಣೆಯಲ್ಲಿ, ಒಬ್ಬರು ಬಿಟ್ಟ ಡಿಸ್ಕಿನ ಜಾಗವನ್ನು ಶುದ್ಧಗೊಳಿಸದೆ ಇನ್ನೊಬ್ಬರಿಗೆ ಕೊಡಲಾಗುತ್ತಿತ್ತು; ಹೊಸಬರು ಹಳಬರ ಮಾಹಿತಿಯನ್ನು ಓದಬಹುದಾಗಿತ್ತು. 2023ರಲ್ಲಿ ಮತ್ತೊಂದು ದೋಷ ಹೊರಬಿತ್ತು. ಡಿಸ್ಕನ್ನು ಬಿಡಿಸಿದ ಮೇಲೂ ಹಳೆಯ ಕೊಂಡಿ ಉಳಿದು, ಅದರ ಮೂಲಕ ಬೇರೊಬ್ಬರ ಡಿಸ್ಕನ್ನು ತಲುಪುವ ಸಾಧ್ಯತೆಯಿತ್ತು.

ಮುಕ್ತ ತಂತ್ರಾಂಶದಲ್ಲಿ ತಪ್ಪುಗಳೇ ಇಲ್ಲವೆಂದು ಹೇಳುವವರು ಈ ಉದಾಹರಣೆಗಳನ್ನು ನೆನಪಿಡಬೇಕು. ಹಾಗೆಯೇ ಇನ್ನೊಂದನ್ನೂ ನೆನಪಿಡಬೇಕು: ಈ ತಪ್ಪುಗಳನ್ನು ಹೆಸರು, ತಾರೀಖು, ತಿದ್ದುಪಡಿ ಸಮೇತ ಬಹಿರಂಗವಾಗಿ ಪ್ರಕಟಿಸಲಾಯಿತು. ಯಾವ ಸಾಲು ತಪ್ಪಾಗಿತ್ತು, ಯಾವ ಸಾಲು ಅದನ್ನು ಸರಿಪಡಿಸಿತು ಎಂಬುದನ್ನು ಬಲ್ಲವರು ಯಾರು ಬೇಕಾದರೂ ಪರೀಕ್ಷಿಸಬಹುದು. ಊರ ಲೆಕ್ಕವನ್ನು ಪಂಚರ ಮುಂದೆ ಓದಿ ಹೇಳುವ ಕ್ರಮಕ್ಕೂ, ಬೀಗದ ಕೋಣೆಯಲ್ಲಿ ‘ಎಲ್ಲ ಸರಿಯಾಗಿದೆ’ ಎನ್ನುವ ಕ್ರಮಕ್ಕೂ ಇರುವ ವ್ಯತ್ಯಾಸ ಇದು. ಆದರೆ ಪ್ರಕಟವಾದ ತಿದ್ದುಪಡಿಯನ್ನು ತನ್ನ ಯಂತ್ರಕ್ಕೆ ಹಾಕಿಕೊಳ್ಳದ ಕಚೇರಿಗೆ ಈ ಬಹಿರಂಗದಿಂದ ಲಾಭವಿಲ್ಲ, ಅಪಾಯವೇ ಹೆಚ್ಚು.

ಬೀಗದ ಕೈ ಯಾರಲ್ಲಿದೆ?

ಮುಕ್ತ ಮಾದರಿಯ ನಿಜವಾದ ಬೆಲೆ ತಿಳಿಯುವುದು ವರ್ಷಗಳು ಕಳೆದ ಮೇಲೆ. 2023ರ ನವೆಂಬರಿನಲ್ಲಿ ವಿಎಂವೇರ್ ಕಂಪೆನಿಯನ್ನು ಬ್ರಾಡ್‌ಕಾಮ್ ಕೊಂಡುಕೊಂಡಿತು. ಮುಂದಿನ ತಿಂಗಳೇ ಶಾಶ್ವತ ಪರವಾನಗಿಗಳ ಮಾರಾಟ ನಿಂತು, ಚಂದಾ ಪದ್ಧತಿ ಮಾತ್ರ ಉಳಿಯಿತು. ಲೋಕದ ಅನೇಕ ಸಂಸ್ಥೆಗಳು ಬೇರೆ ದಾರಿ ಹುಡುಕತೊಡಗಿದವು. ಆಗ ಅವುಗಳ ನೆರವಿಗೆ ಬಂದುದು ಒಂದು ಸರಳ ಸಾಧನ: ವಿಎಂವೇರಿನ ಡಿಸ್ಕ್ ಕಡತವನ್ನು ಓದಿ, ಕ್ಯೂಕೌ-2 ಮಾದರಿಗೆ ಬದಲಾಯಿಸಿಕೊಡುವ ಕ್ಯೂಎಮುವಿನ ಪರಿವರ್ತಕ. ಡಿಸ್ಕಿನ ನಕ್ಷೆಯನ್ನು ಬಲ್ಲವರಿಗೆ ಡಿಸ್ಕಿನ ಒಳಗಿರುವುದೂ ದಕ್ಕುತ್ತದೆ. ಕ್ಯೂಕೌ-2ರ ನಕ್ಷೆಯ ವಿವರಣೆ ಮುಕ್ತವಾಗಿದೆ. ಅದನ್ನು ಓದುವ ತಂತ್ರಾಂಶವನ್ನು ಇನ್ನೂ ಹಲವು ದಶಕಗಳ ಬಳಿಕವೂ ಯಾರಾದರೂ ಹೊಸದಾಗಿ ಬರೆಯಬಹುದು.

ದಾಖಲೆಯ ಬಾಳು ಯಂತ್ರದ ಬಾಳಿಗಿಂತ ದೊಡ್ಡದು. ಕಂಪೆನಿಯ ಬಾಳಿಗಿಂತಲೂ ದೊಡ್ಡದು. ಇಂದು ಹುಟ್ಟಿದ ಮಗುವಿನ ಜನನಪತ್ರ ಎಂಬತ್ತು ವರ್ಷಗಳ ಅನಂತರವೂ ಬೇಕಾಗುತ್ತದೆ. ಅಷ್ಟರೊಳಗೆ ಅದನ್ನು ಹೊತ್ತ ಯಂತ್ರ ಹತ್ತಾರು ಬಾರಿ ಬದಲಾಗಿರುತ್ತದೆ. ತಂತ್ರಾಂಶ ಡಿಸ್ಕನ್ನು ಸೃಷ್ಟಿಸಬಲ್ಲದು, ಹಿಗ್ಗಿಸಬಲ್ಲದು, ಮೂರು ಪ್ರತಿ ಮಾಡಬಲ್ಲದು. ಆದರೆ ಯಾವುದನ್ನು ಉಳಿಸಬೇಕು, ಎಷ್ಟು ಕಾಲ ಉಳಿಸಬೇಕು, ಯಾವುದನ್ನು ನಿಜವಾಗಿ ಅಳಿಸಬೇಕು ಎಂಬ ವಿವೇಕ ಅದಕ್ಕಿಲ್ಲ. ಅದು ಕಡತವನ್ನು ಇಟ್ಟುಕೊಂಡವರ ಹೊಣೆ.

ಈ ಹೊಣೆಯನ್ನು ನೆನಪಿಸಲು ಸಾಮಾನ್ಯ ನಾಗರಿಕನಿಗೆ ಕಂಪ್ಯೂಟರ್ ವಿದ್ಯೆ ಬೇಕಾಗಿಲ್ಲ. ತನ್ನ ದಾಖಲೆ ಇಟ್ಟುಕೊಂಡ ಕಚೇರಿಯನ್ನು ನಾಲ್ಕು ಪ್ರಶ್ನೆ ಕೇಳಿದರೆ ಸಾಕು. ದಾಖಲೆ ಎಲ್ಲಿದೆ? ಅದು ಬೇರೆ ಯಾವುದನ್ನು ನೆಚ್ಚಿ ನಿಂತಿದೆ? ಅದರ ಪ್ರತಿ ಬೇರೆ ಊರಿನಲ್ಲಿದೆಯೆ? ಆ ಪ್ರತಿಯನ್ನು ತೆರೆದು ಓದಿ ನೋಡಿದ್ದು ಕೊನೆಯ ಬಾರಿ ಯಾವಾಗ? ಮೊದಲ ಮೂರಕ್ಕೆ ಉತ್ತರ ಬೇಗ ಸಿಗಬಹುದು. ನಾಲ್ಕನೆಯದಕ್ಕೆ ತಡವರಿಸದೆ ಉತ್ತರ ಕೊಡುವ ಕಚೇರಿಯಲ್ಲಿ ದಾಖಲೆ ಕ್ಷೇಮವಾಗಿದೆ ಎಂದು ನಂಬಬಹುದು.